ಚಂದ್ರನ ಪ್ರಶ್ನೆ, ಕೊಟ್ರಪ್ಪ ಮೇಷ್ಟ್ರ ಶಾಲು

ಉಪನ್ಯಾಸ ಕೇಳಲು ಹೋಗುವವರಿಗೆ ಮೊದಲು ಬೇಕಾದದ್ದು ಒಳ್ಳೆಯ ಕಿವಿ ಎಂದು ತಿಳಿದಿದ್ದೆ. ಅಲ್ಲ ಮಕ್ಕಳೇ, ಬೇಕಾದದ್ದು ಗಟ್ಟಿ ಸೊಂಟ. ಐದು ಗಂಟೆಗೆ ಎಂದು ಕರಪತ್ರ ಅಚ್ಚು ಹಾಕಿಸಿ, ಆರಕ್ಕೆ ಮೈಕಿನವನನ್ನು ಹುಡುಕಲು ಹೊರಡುವ ಊರು ನಮ್ಮ ಕೊಟ್ಟೂರು. ಅಷ್ಟು ಹೊತ್ತು ಕಬ್ಬಿಣದ ಕುರ್ಚಿಯ ಮೇಲೆ ಕೂತರೆ ಜ್ಞಾನ ತಲೆಗೆ ಹತ್ತುವ ಮೊದಲೇ ಕಾಲಿಗೆ ಜೋಮು ಹತ್ತುತ್ತದೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಮನೆಯ ಹೊಸಿಲು ದಾಟುವುದೇ ಅಪರೂಪವಾಗಿತ್ತು. ಪಕ್ಕದ ಮನೆಯ ಫಾತಿಮಾಬಿ, ಪಂಪ್‌ಸೆಟ್ ರಿಪೇರಿಯವರ ಹೆಂಡತಿ, ಒಂದು ಸಂಜೆ ನನ್ನನ್ನು ಎಳೆದುಕೊಂಡು ಕಾಲೇಜಿಗೆ ಹೋದಳು. ವಿಶ್ವವಿದ್ಯಾಲಯದವರು ಊರೂರಿಗೆ ಬಂದು ಯಾರು ಬಂದರೂ ಪುಕ್ಕಟೆ ಪಾಠ ಹೇಳುವ ಪ್ರಚಾರೋಪನ್ಯಾಸ ಅದು. ಅಂದಿನಿಂದ ಸಕ್ಕರೆ ಕಾಯಿಲೆ, ಶಾಸನಗಳು, ಎರೆಹುಳದ ಗೊಬ್ಬರ ಯಾವುದನ್ನೂ ಬಿಟ್ಟಿಲ್ಲ. ನನ್ನ ತವರು ಮಾಗಳದ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ನಿಂತುಹೋದವಳಿಗೆ ಎಲ್ಲವೂ ಐದನೇ ಕ್ಲಾಸೇ.

ಆದರೆ ನಾನು ಕಾಯುತ್ತಿದ್ದದ್ದು ವರ್ಷಕ್ಕೊಮ್ಮೆ ಆಕಾಶದ ವಿಷಯ ಹೇಳಲು ಬರುವ ಪ್ರೊಫೆಸರರಿಗಾಗಿ. ನನ್ನಲ್ಲಿ ಒಂದು ಪ್ರಶ್ನೆಯಿತ್ತು. ಚಿಕ್ಕವಳಿದ್ದಾಗ ಹಡಗಲಿ ಸಂತೆಯಿಂದ ಗಾಡಿಯಲ್ಲಿ ಮಾಗಳಕ್ಕೆ ಮರಳುವಾಗ ಜಾಲಿ ಗಿಡಗಳೆಲ್ಲ ಹಿಂದೆ ಸರಿಯುತ್ತಿದ್ದವು, ಚಂದ್ರ ಮಾತ್ರ ನಮ್ಮ ಜೊತೆಗೇ ಬರುತ್ತಿದ್ದ. ಯಾಕೆ? ಶಾಲೆಯಲ್ಲಿ ಕೇಳಿದರೆ ಮೊದಲು ಮಗ್ಗಿ ಒಪ್ಪಿಸು ಎಂದರು. ಮದುವೆಯಾದ ಹೊಸದರಲ್ಲಿ ನಿಮ್ಮ ಅಜ್ಜನನ್ನು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ಅವಗ ಬ್ಯಾರೆ ಕೆಲಸ ಇಲ್ಲ," ಎಂದರು. ಆ ಉತ್ತರ ನನಗೆ ಇಷ್ಟವಾಯಿತು, ಸಮಾಧಾನ ಆಗಲಿಲ್ಲ.

ಕೇಳುವುದು ಸುಲಭವಲ್ಲ. ನಮ್ಮಲ್ಲಿ ವೇದಿಕೆಯ ಮೇಲೆ ಒಬ್ಬರನ್ನು ಕೂರಿಸಿದರೆ ಉಳಿದವರು ಮುನಿಸಿಕೊಳ್ಳುತ್ತಾರೆ. ಆದ್ದರಿಂದ ಎಲ್ಲರನ್ನೂ ಕೂರಿಸುತ್ತಾರೆ. ಕೂತವರಿಗೆಲ್ಲ ಹಾರ, ಶಾಲು, ಆಮೇಲೆ ಪ್ರತಿಯೊಬ್ಬರಿಂದ "ಎರಡು ಮಾತು". ಬಿಸಿಲಿಗೆ ಬೆಂದು ಬೀಸಣಿಗೆ ಹುಡುಕುವ ಈ ಸೀಮೆಯಲ್ಲಿ ಮನುಷ್ಯನಿಗೆ ಉಣ್ಣೆಯ ಶಾಲು ಹೊದಿಸಿ ಮರ್ಯಾದೆ ಮಾಡಬೇಕೆಂದು ಯಾರಿಗೆ ಹೊಳೆಯಿತೋ! ಪಾಠ ಹೇಳಲು ಬಂದವರ ಸರದಿ ಬರುವಷ್ಟರಲ್ಲಿ ಹಿಂದಿನ ವರಾಂಡದಿಂದ ಮಿರ್ಚಿ ಕರಿಯುವ ವಾಸನೆ ಬರುತ್ತದೆ. ಅಲ್ಲಿಗೆ ಸಭೆಯ ಮನಸ್ಸು ಎದ್ದು ಹೋದಂತೆಯೇ. ಕಳೆದ ಸಲ ಪ್ರೊಫೆಸರರು ಭೂಮಿಯಿಂದ ಚಂದ್ರನವರೆಗೂ ತಲುಪಲಿಲ್ಲ, ಬಸ್ಸಿನ ಹೊತ್ತಾಯಿತೆಂದು ಎದ್ದುಬಿಟ್ಟರು. ನಾನು ಎತ್ತಿದ ಕೈಯಿಂದ ಸೆರಗು ಸರಿಮಾಡಿಕೊಂಡು ಮನೆಗೆ ಬಂದೆ.

ಈ ವರ್ಷ ಬಿಡಬಾರದೆಂದು ಮುಂದಿನ ಸಾಲಿನಲ್ಲೇ ಕೂತೆ. ಫಾತಿಮಾಬಿ ಪಕ್ಕದಲ್ಲಿ ಕೂತು ತಿವಿಯುತ್ತಿದ್ದಳು. "ಅಕ್ಕಾ, ನೀ ಕೇಳಲಿಲ್ಲಂದ್ರ ನಾನ ಎದ್ದು ನಿಂತು, ಈಕಿಗೆ ಚಂದ್ರನ ಹುಚ್ಚು ಐತಿ ಅಂತ ಹೇಳಿಬಿಡ್ತೀನಿ ನೋಡು." ಪ್ರೊಫೆಸರರು ಚಂದ್ರನವರೆಗೂ ಬಂದರು. ಯಾರಾದರೂ ಏನಾದರೂ ಕೇಳುವುದಿದ್ದರೆ ಕೇಳಿ ಎಂದೂ ಹೇಳಿದರು. ನಾನು ಏಳಲು ಕುರ್ಚಿಯ ಕೈ ಹಿಡಿದೆ. ಅಷ್ಟರಲ್ಲಿ ಸಭೆ ನಡೆಸುವ ಕೊಟ್ರಪ್ಪ ಮೇಷ್ಟ್ರು ಮೈಕನ್ನು ಅವರ ಕೈಯಿಂದ ಕಸಿದುಕೊಂಡಂತೆ ತೆಗೆದುಕೊಂಡು, ಒಂದು ಉಪನ್ಯಾಸವನ್ನೂ ತಪ್ಪಿಸದ ತಾಯಿಯೊಬ್ಬರಿಗೆ ಈಗ ಸನ್ಮಾನ ಎಂದು ನನ್ನ ಹೆಸರು ಕೂಗಿದರು.

ಪ್ರಶ್ನೆಯ ಹೊತ್ತು ನನ್ನ ಸನ್ಮಾನಕ್ಕೇ ಹೋಯಿತು ನೋಡಿ! ಮೇಲೆ ಹತ್ತಿಸಿ ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು, ಶಾಲು ಹೊದಿಸಿದರು. ಕುಂಕುಮದ ತಟ್ಟೆ ಹಿಡಿದ ಹುಡುಗಿ ನನ್ನ ಬರೀ ವಿಭೂತಿಯ ಹಣೆ ಕಂಡು ತಡೆದು ನಿಂತಳು. ಬೇರೆ ದಿನವಾಗಿದ್ದರೆ ಮನಸ್ಸಿಗೆ ಚುಚ್ಚುತ್ತಿತ್ತು. ಅಂದು, ಅಷ್ಟಾದರೂ ಹೊತ್ತು ಉಳಿಯಿತಲ್ಲ ಎಂದುಕೊಂಡೆ. ಆಮೇಲೆ ಮೇಷ್ಟ್ರು ಮೈಕನ್ನು ನನ್ನ ಬಾಯಿಗೆ ಹಿಡಿದು, "ಎರಡು ಮಾತು ಹೇಳ್ರಿ ತಾಯಿ," ಎಂದರು.

ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು. ನನ್ನಲ್ಲಿದ್ದದ್ದು ಅದೊಂದೇ ಮಾತು.

"ಹಡಗಲಿಯಿಂದ ಮಾಗಳಕ್ಕ ಗಾಡ್ಯಾಗ ಹೊಂಟ್ರ ಗಿಡ ಹಿಂದ ಹೋಗ್ತಾವ, ಗುಡ್ಡನೂ ಹಿಂದ ಹೋಗ್ತೈತಿ. ಚಂದ್ರ ಯಾಕ ನಮ್ಮ ಜೋಡಿನ ಬರ್ತಾನ್ರಿ?"

ಸಭೆಯೆಲ್ಲ ಜೋರಾಗಿ ಚಪ್ಪಾಳೆ ತಟ್ಟಿತು. ತಾಯಿಯವರು ಬಹಳ ಅರ್ಥವತ್ತಾಗಿ ಮಾತಾಡಿದರು ಎಂದು ಮೇಷ್ಟ್ರು ಹೊಗಳಿ ವಂದನಾರ್ಪಣೆಗೆ ಕರೆದರು. ಶಾಮಿಯಾನದವನಿಗೂ ವಂದನೆ ಸಂದಿತು. ನನ್ನ ಪ್ರಶ್ನೆ ಹಾರದೊಳಗೆ ಮುಖ ಮುಚ್ಚಿಕೊಂಡು ಕೂತಿತ್ತು.

ವರಾಂಡದಲ್ಲಿ ಮಂಡಕ್ಕಿ ಮಿರ್ಚಿಯ ಗದ್ದಲ. ನಾನು ಬುಟ್ಟಿ ಹೊತ್ತು ಸಿಟ್ಟಿನಿಂದ ಹೊರಟಿದ್ದೆ. ಪ್ರೊಫೆಸರರು ತಟ್ಟೆ ಹಿಡಿದುಕೊಂಡೇ ಅಡ್ಡ ಬಂದರು. ಅವರೂ ಶಾಲಿನಲ್ಲಿ ಬೆವರುತ್ತಿದ್ದರು.

"ಅಮ್ಮಾ, ಗಿಡ ಹತ್ರ ಐತಿ, ಅದಕ್ಕ ಲಗೂನ ಹಿಂದಾಗ್ತದ. ಗುಡ್ಡ ದೂರ, ಅದು ನಿಧಾನ. ಚಂದ್ರ ಭಾಳ ಅಂದ್ರ ಭಾಳ ದೂರ. ನೀವು ಹಡಗಲಿಯಿಂದ ಮಾಗಳಕ್ಕ ಹೋದ್ರೂ ಅವನ ಲೆಕ್ಕದಾಗ ಇದ್ದಲ್ಲೇ ಇದ್ದೀರಿ. ಅವ ನಿಮ್ಮ ಹಿಂದ ಬಂದಿಲ್ಲ. ನೀವ ಹೋಗಿಲ್ಲ."

ಇಷ್ಟೇ. ಒಂದು ಮಿರ್ಚಿ ತಿನ್ನುವಷ್ಟು ಹೊತ್ತಿನ ಉತ್ತರ. ಇದಕ್ಕೆ ನನ್ನ ತಲೆಗೂದಲು ಬೆಳ್ಳಗಾಗಬೇಕಾಯಿತು.

ಮನೆಗೆ ನಡೆಯುವಾಗ ಫಾತಿಮಾಬಿಗೆ ಹೇಳಿದೆ. ಅವಳು ನಿಂತು ಮೇಲೆ ನೋಡಿದಳು. "ಹಂಗಾರ ನಾವಿನ್ನೂ ಕಾಲೇಜಿನ್ಯಾಗ ಅದೀವೇನು? ನನ್ನ ಕಾಲು ಯಾಕ ನೋಯಾಕತ್ಯಾವ ಮತ್ತ?" ಎಂದಳು.

ಮಕ್ಕಳೇ, ಕಾರಣ ತಿಳಿದ ಮೇಲೂ ಚಂದ್ರ ನಮ್ಮ ಬೀದಿಯುದ್ದಕ್ಕೂ ಜೊತೆಗೇ ಬಂದ. ನಿಮ್ಮ ಅಜ್ಜ ಹೇಳಿದ್ದೂ ಪೂರ್ತಿ ಸುಳ್ಳಲ್ಲ ಅನಿಸಿತು. ನಾನು ಬಾಗಿಲ ಬೀಗ ತೆಗೆದು ಶಾಲನ್ನು ಗೂಟಕ್ಕೆ ನೇತುಹಾಕಿದೆ. ಅವನು ಅಂಗಳದಲ್ಲೇ ನಿಂತಿದ್ದ. ಅವನಿಗೆ ಯಾರೂ ಸ್ವಾಗತ ಕೋರಲಿಲ್ಲ, ಹಾರ ಹಾಕಲಿಲ್ಲ, ಎರಡು ಮಾತು ಹೇಳೆಂದು ಕಾಡಲಿಲ್ಲ. ಅದಕ್ಕೇ ಇರಬೇಕು, ದಿನವೂ ಎಲ್ಲರ ಜೊತೆಗೂ ನಡೆಯುವ ಅಷ್ಟೊಂದು ಕೆಲಸ ಅವನಿಂದ ಸಾಗುವುದು.