ಕೈಬರಹಕ್ಕೊಂದು ಕಾಲುಮಣೆ

ಬರೆಯಲು ಕಷ್ಟಪಡುವ ಮಕ್ಕಳನ್ನು ಪರೀಕ್ಷಿಸಲು ವಿಜಯವಾಡದ ಶಾಲೆಯೊಂದಕ್ಕೆ ಹೋಗಿದ್ದೆ. ಐದನೇ ತರಗತಿಯ ಲಾವಣ್ಯಳ ಹೆಸರಿನ ಮುಂದೆ ಹೆಡ್‌ಮಿಸ್ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ‘ಸೋಮಾರಿ’ ಎಂದು ಆಗಲೇ ಬರೆದಿಟ್ಟಿದ್ದರು.

ಹುಡುಗಿ ಬರೆಯುವಾಗ ನಾನು ಡೆಸ್ಕಿನ ಕೆಳಗೆ ಬಗ್ಗಿ ನೋಡಿದೆ. ಬೆಂಚು ಎತ್ತರ, ಅವಳ ಕಾಲು ನೆಲಕ್ಕೆ ಎಟುಕದೆ ತೂಗಾಡುತ್ತಿತ್ತು. ಮೈಯೇ ನಿಲ್ಲದಿದ್ದರೆ ಕೈ ಹೇಗೆ ನಿಂತೀತು?

“ಇವಳ ಕಾಲಿಗೆ ಒಂದು ಮಣೆ ಕೊಡಿ ಮೇಡಂ.”

“ಒಬ್ಬಳಿಗೆ ಕೊಟ್ಟರೆ ಎಲ್ಲರೂ ಕೇಳ್ತಾರೆ. ನಮ್ಮಲ್ಲಿ ಶಿಸ್ತು ಮುಖ್ಯ.”

ನನಗೆ ಸಿಟ್ಟು ನೆತ್ತಿಗೇರಿತು. ಅಕ್ಷರ ಕೆಟ್ಟದ್ದಕ್ಕೆ ಅವಳಿಂದ ನೂರು ನೂರು ಸಲ ಬರೆಸಿದ್ದ ಇಂಪೊಸಿಷನ್ ನೋಟ್‌ಬುಕ್ಕುಗಳ ಕಟ್ಟನ್ನೇ ಎತ್ತಿ ಅವಳ ಕಾಲಡಿ ಇಟ್ಟೆ. ಲಾವಣ್ಯ ಹೆದರಿ ಕಾಲು ಮೇಲೆಳೆದುಕೊಂಡಳು.

“ಅಮ್ಮೋ, ಸರಸ್ವತಿ! ಮೊದಲು ತೆಗೀರಿ!” ಹೆಡ್‌ಮಿಸ್ ಕೂಗಿದರು.

“ಇದು ಸರಸ್ವತಿಯಲ್ಲ ಮೇಡಂ, ನೀವು ಕೊಟ್ಟ ಶಿಕ್ಷೆ. ಮಣೆ ಬರಲಿ, ತೆಗೀತೀನಿ.”

ಎರಡೇ ನಿಮಿಷದಲ್ಲಿ ಆಯಾ ಕಾಲುಮಣೆ ತಂದಳು. ನಾನು ಪುಸ್ತಕಗಳನ್ನು ಕಣ್ಣಿಗೊತ್ತಿಕೊಂಡು ಎತ್ತಿಟ್ಟೆ; ಹೆಡ್‌ಮಿಸ್ ಹತ್ತಿರ ಮಾತ್ರ ಕ್ಷಮೆ ಕೇಳಲಿಲ್ಲ. ಆ ಶಾಲೆಯವರು ನನ್ನನ್ನು ಮತ್ತೆ ಕರೆಯಲೂ ಇಲ್ಲ.

ಅಂದಹಾಗೆ, ಆಯಾ ಆ ಮಣೆ ತಂದದ್ದು ಹೆಡ್‌ಮಿಸ್ ಮೇಜಿನ ಕೆಳಗಿಂದ. ಮುತ್ತಿನಂಥ ಅಕ್ಷರ ಸುಮ್ಮನೆ ಬರುತ್ತದೆಯೇ?