ಸೀಮೆಗೊಬ್ಬರ ನೆಕ್ಕಿದ ನಮ್ಮವ್ವ

ಹೋದ ಭಾನುವಾರ ಬೆಳಿಗ್ಗೆ ನಮ್ಮವ್ವ ಸೀಮೆಗೊಬ್ಬರ ನೆಕ್ಕಿದಳು!

ಗಾಬರಿಯಾಗಬೇಡಿ, ಗಟ್ಟಿಮುಟ್ಟಾಗಿಯೇ ಇದ್ದಾಳೆ. ಮಣ್ಣುಪಾಲಾದದ್ದು ನನ್ನ ಬಿ.ಎ., ಎಲ್.ಟಿ. ಜಂಬ ಮಾತ್ರ.

ಸಾನಮಾವು ಕಾಡಿನ ಅಂಚಿಗೆ ನಮ್ಮ ಮನೆ. ಹಿಂದಿನ ಹೊಲದಲ್ಲಿ ಅವ್ವ ರಾಗಿ ಸಸಿಮಡಿ ಮಾಡಿದ್ದಳು. ಯುದ್ಧದ ಕಾಲ, ರೇಷನ್ ಅಕ್ಕಿಯನ್ನು ನಂಬಿ ಕೂರುವಂತಿಲ್ಲ. ಈ ಸಸಿ ನಾಟಿಯಾದರೆ ವರ್ಷವಿಡೀ ಮುದ್ದೆ, ಇಲ್ಲವಾದರೆ ಇಲ್ಲ. ಮತ್ತೆ ಚೆಲ್ಲೋಣವೆಂದರೆ ಬಿತ್ತನೆ ರಾಗಿಯೂ ಮುಗಿದಿತ್ತು.

ನಾನು ಸುಮ್ಮನಿರಬಾರದೇ? ಹೊಸೂರಿನಲ್ಲಿ ಸೈನ್ಸ್ ಮೇಷ್ಟ್ರು ನೋಡಿ! ಸರ್ಕಾರಿ ಡಿಪೋದಿಂದ ಒಂದು ಚೀಲ ಸೀಮೆಗೊಬ್ಬರ ತಂದೆ. ಮಡಿಗೊಂದು ಹಿಡಿ ಸಾಕು ಎಂದು ಕೃಷಿ ಡೆಮಾನ್‌ಸ್ಟ್ರೇಟರ್ ಹೇಳಿದ್ದರು. ತಿಪ್ಪೆಗೊಬ್ಬರವನ್ನು ಮಂಕರಿಗಟ್ಟಲೆ ಸುರಿದು ಅಭ್ಯಾಸವಾದ ಕೈ ಇದು, ಹಿಡಿಗೆ ನಿಲ್ಲುತ್ತದೆಯೇ? ಬೊಗಸೆ ಬೊಗಸೆ ಹಾಕಿದೆ.

ಮೂರನೇ ದಿನ, ಅದೇ ಭಾನುವಾರ, ಸಸಿಗಳೆಲ್ಲ ಜೋತುಬಿದ್ದಿದ್ದವು. ಮಣ್ಣು ಮುಟ್ಟಿದರೆ ಒದ್ದೆ! ಆನೆ ತುಳಿದಿದ್ದರೂ ನನಗೆ ಅಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಗೊಬ್ಬರ ಸಾಲದಾಯಿತೇನೋ ಎಂದು ಮತ್ತೆ ಚೀಲಕ್ಕೆ ಕೈ ಹಾಕಿದೆ. (ನಗಿ, ಪರವಾಗಿಲ್ಲ.)

ಮಾವಿನಕಾಯಿ ಹೆಚ್ಚಿ ಉಪ್ಪು ಕಲಸುತ್ತಿದ್ದ ಅವ್ವ ಹಾಗೇ ಎದ್ದುಬಂದಳು. ಚೀಲದಿಂದ ಒಂದು ಚಿಟಿಕೆ ತೆಗೆದು ನಾಲಿಗೆಗಿಟ್ಟು, ಥೂ ಎಂದು ಉಗಿದಳು.

"ಇದು ಉಪ್ಪಿನ್ ಜಾತೀದೇ ಕಣ್ಲಾ! ನಿನ್ನೆ ಉಪ್ಪಾಕಿದ್ ಮಾವಿನ್‌ಕಾಯ್ ನೋಡೋಗು. ಒಂದ್ ತೊಟ್ಟು ನೀರಾಕಿಲ್ಲ, ಜಾಡಿ ತುಂಬ ನೀರು. ಹೋಳೆಲ್ಲ ಸುರುಟ್ಕೊಂಡವೆ. ನಿನ್ ಗೊಬ್ರಾನೂ ಹಂಗೇ ಬೇರಿನ್ ನೀರ ಈಚೆಗೆಳೀತಾ ಅದೆ. ಚೀಲ ಮಡಗಿ ಬಾವಿ ನೀರ್ ಬುಡು. ಮಡಿ ತುಂಬ್ಸು, ಹೊರಕ್ ಹರಿಸು!"

ಅಯ್ಯೋ ರಾಮ! ಇದೇ ಅಲ್ಲವೇ ಆಸ್ಮೋಸಿಸ್? ಜೀವಕೋಶಕ್ಕೆ ಒಂದು ತೆಳುಪೊರೆ. ಹೊರಗೆ ಉಪ್ಪು ಹೆಚ್ಚಾದರೆ ಒಳಗಿನ ನೀರು ಪೊರೆ ದಾಟಿ ಆಚೆಗೆ ಸರಿಯುತ್ತದೆ. ಏಳು ವರ್ಷದಿಂದ ಬೋರ್ಡಿನ ಮೇಲೆ ಚಿತ್ರ ಬರೆದು ಇದನ್ನೇ ಬೋಧಿಸುತ್ತಿದ್ದೇನೆ. ಒದ್ದೆ ಮಣ್ಣಿನಲ್ಲಿ ನಿಂತ ಸಸಿ ಬಾಯಾರಿ ಸಾಯುತ್ತಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಎತ್ತು ಕಟ್ಟಿ ಸಂಜೆಯವರೆಗೂ ಕಪಿಲೆ ಹೊಡೆದು ಬಾವಿಯ ನೀರೆತ್ತಿದೆ. ಅವ್ವ ಸೆರಗು ಸಿಕ್ಕಿಸಿ, ಗುದ್ದಲಿ ಹಿಡಿದು, ಮಡಿಗೆ ನೀರು ತುಂಬಿಸಿ, ಬದು ಒಡೆದು ಹೊರಕ್ಕೆ ಹರಿಸಿದಳು. ಮಂಗಳವಾರದ ಹೊತ್ತಿಗೆ ಸಸಿಗಳು ನೆಟ್ಟಗಾಗಿದ್ದವು. ಅಲ್ಲಲ್ಲಿ ಸುಟ್ಟಿವೆ, ಆದರೂ ನಾಟಿಗೆ ಸಾಕು. ಅವ್ವನ ಬಗ್ಗೆ ನನಗಾದ ಹೆಮ್ಮೆ ಹೇಳತೀರದು. ಸಿಕ್ಕಿದವರಿಗೆಲ್ಲ ಹೇಳಿದೆ, ಕ್ಲಾಸಿನಲ್ಲೂ ಹೇಳಿದೆ.

ನಿನ್ನೆ ಡೆಮಾನ್‌ಸ್ಟ್ರೇಟರ್ ಬಂದು ಮಡಿಗಳನ್ನು ನೋಡಿದರು. "ನೀರು ಬಿಟ್ಟು ತೊಳೆದದ್ದು ಒಳ್ಳೇದಾಯ್ತು. ಯಾರಿಗೆ ಹೊಳೀತು ಈ ಉಪಾಯ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿಬಿಟ್ಟಳು: "ಇನ್ಯಾರ್‌ಗೆ ಸ್ವಾಮಿ, ನಮ್ ಮಗುಂಗೆ. ಓದ್ದೋನಲ್ವಾ!"

ನಮ್ಮವ್ವನ ಆ ಸುಳ್ಳನ್ನು ತಿದ್ದುವುದಕ್ಕೇ ಈ ವಾರದ ಬರಹ.