ಮಂಗಳ ಹಾಡುವವರೆಗೆ

ನಮ್ಮಪ್ಪ ಪಾದ್ರಿ. ಅದಕ್ಕೂ ಮೊದಲು ಪೇಟಿ ಮಾಸ್ತರ. ಗದಗದ ಕಡೆಯ ಒಂದು ನಾಟಕ ಕಂಪನಿಯಲ್ಲಿ ಹತ್ತು ವರ್ಷ ಹಾರ್ಮೋನಿಯಂ ಬಾರಿಸಿ, ಆಮೇಲೆ ದೇವರ ಕರೆ ಬಂತೆಂದು ಬೈಬಲ್ ಶಾಲೆ ಸೇರಿ, ಮುಂಬಯಿಯ ಒಂದು ಸಣ್ಣ ಕನ್ನಡ ಸಭೆಗೆ ಸಭಾಪಾಲಕರಾಗಿ ಬಂದವರು. ಪ್ರಸಂಗ ಮಾಡುತ್ತ ಮಾಡುತ್ತ ಹಾಡಿಗೆ ಇಳಿದುಬಿಡುತ್ತಿದ್ದರು. ಹಾಡು ನೋಡನೋಡುತ್ತಲೇ ನಾಟಕವಾಗುತ್ತಿತ್ತು. ಕಳೆದುಹೋದ ಕುರಿಯನ್ನು ಹುಡುಕುವ ಕುರುಬನ ಕತೆ ಹೇಳುವಾಗ ನಾವು ಕೂತ ಬೆಂಚುಗಳ ಕೆಳಗೆಲ್ಲ ಬಗ್ಗಿ ನೋಡುತ್ತಿದ್ದರು. ಮಕ್ಕಳು ನಗುತ್ತಿದ್ದವು, ಹಿರಿಯರು ಮುಖ ಗಂಟು ಹಾಕುತ್ತಿದ್ದರು. ನಾನು ನಾಚಿಕೆಯಿಂದ ನೆಲ ನೋಡುತ್ತಿದ್ದೆ. ಆದರೆ ಮುಂದಿನ ಭಾನುವಾರ ಏನು ಮಾಡುತ್ತಾರೋ ಎಂದು ವಾರವಿಡೀ ಕಾಯುತ್ತಿದ್ದವಳೂ ನಾನೇ.

ಸಭೆಗೆ ಸ್ವಂತ ಕಟ್ಟಡವಿರಲಿಲ್ಲ. ಬೊರಿವಲಿಯ ಒಂದು ಮರಾಠಿ ಶಾಲೆಯ ಕೋಣೆ ಭಾನುವಾರ ನಮಗೆ ಸಿಗುತ್ತಿತ್ತು. ದಹಿಸರ್‌ನಿಂದ, ಅಂಧೇರಿಯಿಂದ, ಎಲ್ಲೆಲ್ಲಿಂದಲೋ ಧಾರವಾಡ, ಗದಗ ಕಡೆಯ ಜನ ಲೋಕಲ್ ಹಿಡಿದು ಬರುತ್ತಿದ್ದರು. ನಾವಿದ್ದದ್ದು ಮಾತ್ರ ವಿಕ್ರೋಳಿಯ ಚಾಳಿನಲ್ಲಿ, ಯಾಕೆಂದರೆ ಅಣ್ಣನ ಕೆಲಸ ಅಲ್ಲಿಯ ಕಾರ್ಖಾನೆಯಲ್ಲಿತ್ತು. ಪಾದ್ರಿಯ ಮನೆ ಒಂದು ದಿಕ್ಕು, ಸಭೆ ಒಂದು ದಿಕ್ಕು. ನಡುವೆ ದಾದರ್‌ನಲ್ಲಿ ಗಾಡಿ ಬದಲಿಸುವ ಕರ್ಮ.

ಅಪ್ಪ ಬೈಬಲಿನ ಕತೆಗಳನ್ನು ಕಂಪನಿ ನಾಟಕದ ಧಾಟಿಯಲ್ಲಿ ಬರೆದು ಆಡಿಸುತ್ತಿದ್ದರು. ಬಾಡಿಗೆ ವೇಷಗಳಲ್ಲಿ ಮೊಗಲರ ದರ್ಬಾರಿನವೇ ಹೆಚ್ಚು ಸಿಗುತ್ತಿದ್ದುದರಿಂದ ನಮ್ಮ ರೋಮನ್ ಅಧಿಪತಿ ಥೇಟ್ ದಿಲ್ಲಿ ಬಾದಶಹನ ಹಾಗೆ ಕಾಣುತ್ತಿದ್ದ. ಯೇಸುಸ್ವಾಮಿಯ ಪಾತ್ರವನ್ನು ಯಾರೂ ಬಣ್ಣ ಹಚ್ಚಿಕೊಂಡು ಆಡಕೂಡದು ಎಂದು ಸಭೆಯ ಹಿರಿಯರು ಕಟ್ಟಪ್ಪಣೆ ಮಾಡಿದ್ದರು. ಅದಕ್ಕೆ ಅಪ್ಪ ದಾರಿ ಕಂಡುಕೊಂಡರು. ಸ್ವಾಮಿಯ ಮಾತನ್ನೆಲ್ಲ ಬದಿಯಲ್ಲಿ ಪೇಟಿಯ ಮುಂದೆ ಕೂತು ತಾವೇ ಹಾಡುವುದು. ತಬಲಾ ಅಣ್ಣನದು. ಹಾಡುವ ಹೆಣ್ಣುಪಾತ್ರಗಳು ನನ್ನವು.

ಕಂಪನಿಯಿಂದ ಅಪ್ಪ ಒಂದು ನೇಮವನ್ನು ಹೊತ್ತು ತಂದಿದ್ದರು. ಪೇಟಿ ತೆರೆದು ನಾಂದಿ ಹಾಡಿದ ಮೇಲೆ ಮಂಗಳ ಹಾಡುವವರೆಗೆ ಯಾರೂ ಏಳಬಾರದು, ಬೇರೆ ಮಾತಾಡಬಾರದು. ಆಟವಿರಲಿ, ತಾಲೀಮಿರಲಿ. ಮಂಗಳ ಎಂಬುದು ಗುಡಿಯವರ ಮಾತು ಎಂದು ಹಿರಿಯರೊಬ್ಬರು ತಕರಾರು ತೆಗೆದಾಗ ಅಪ್ಪ ನಕ್ಕು, ಅದಕ್ಕೊಂದು ಕ್ರಿಸ್ತಸ್ತುತಿ ಬರೆದು ಕೊಟ್ಟರು. ನೇಮ ಬಿಡಲಿಲ್ಲ.

ಅದನ್ನು ಮುರಿದವನು ಅಣ್ಣ. ಒಂದು ಈಸ್ಟರಿಗೆ ಆಟ ಎಂದಿನಂತೆ ಉದ್ದವಾಯಿತು. ಅವನಿಗೆ ರಾತ್ರಿ ಪಾಳಿ ಇತ್ತು. ಮಂಗಳಕ್ಕೆ ಇನ್ನೆರಡು ಹಾಡಿರುವಾಗ ಅವನು ತಬಲಾ ಬದಿಗಿಟ್ಟು ಎದ್ದ. ಅಪ್ಪ ಪೇಟಿ ನಿಲ್ಲಿಸಿ, ಜನರೆಲ್ಲ ಕೇಳುವ ಹಾಗೆ ಹೇಳಿದರು:

“ನಡುವ ಎದ್ದವಗ ಮತ್ತ ಬಂದು ಕೂಡಾಕ ಜಾಗಾ ಇಲ್ಲ.”

ಅಣ್ಣ ತಿರುಗಿ ನೋಡದೆ ಹೋದ. ಅಂದಿನಿಂದ ಏಳು ತಿಂಗಳು ಅವರಿಬ್ಬರ ನಡುವೆ ಮಾತಿಲ್ಲ. ಇದ್ದದ್ದು ಒಂದೇ ಖೋಲಿ. ಕೈ ಚಾಚಿದರೆ ಒಬ್ಬರಿಗೊಬ್ಬರು ಸಿಗುತ್ತಿದ್ದರು. “ಅಪ್ಪಗ ಹೇಳು, ಸ್ಟೋವಿಗೆ ಘಾಸಲೇಟ ಎಣ್ಣಿ ತಂದೀನಿ” ಎಂದು ಅಣ್ಣ ನನಗೆ ಹೇಳುವುದು, “ಅವಗ ಹೇಳು, ಕೇಳಿಸ್ತು” ಎಂದು ಅಪ್ಪ ನನಗೇ ಹೇಳುವುದು. ಇಬ್ಬರೂ ಜಂಬದ ಕೋಳಿಗಳು. ನನಗೆ ರೇಗಿಹೋಗಿತ್ತು.

ತಬಲಾಕ್ಕೆ ಬೊರಿವಲಿಯ ಟೇಲರ್ ಚಾಚಾ ಬಂದರು. ಹುಬ್ಬಳ್ಳಿ ಕಡೆಯ ಮುಸಲ್ಮಾನರು, ನಮ್ಮ ಪರದೆಗಳನ್ನೆಲ್ಲ ಹೊಲಿದುಕೊಟ್ಟವರು. ಅಪ್ಪನನ್ನು ಅಯ್ಯನೋರ ಎಂದೇ ಕರೆಯುತ್ತಿದ್ದರು.

ಆ ಸಲದ ನಾಟಕ, ಸತ್ತು ನಾಲ್ಕು ದಿನವಾದವನನ್ನು ಸ್ವಾಮಿ ಸಮಾಧಿಯಿಂದ ಎಬ್ಬಿಸಿದ ಕತೆ. ಸತ್ತವನ ಅಕ್ಕನ ಪಾತ್ರ ನನ್ನದು. ತಡವಾಗಿ ಬಂದ ಸ್ವಾಮಿಯನ್ನು ಅವಳು ಜರಿಯುವ ಹಾಡೊಂದನ್ನು ಅಪ್ಪ ಕಟ್ಟಿದ್ದರು. “ಯಾಕ ತಡಾ ಮಾಡಿದ್ಯೋ ಒಡೆಯಾ, ಹೇಳಿ ಕಳಿಸಿದ್ದೆನಲ್ಲ” ಎಂದು ಶುರುವಾಗುತ್ತಿತ್ತು. ನನಗಾಗ ಹತ್ತೊಂಬತ್ತು. ನನ್ನ ಗಂಟಲಿನ ಬಗ್ಗೆ ನನಗಿದ್ದ ಸೊಕ್ಕು ಇಷ್ಟಿಷ್ಟಲ್ಲ.

ತಾಲೀಮು ನಡೆದಿರುವಾಗಲೇ ಅಣ್ಣ ಟೈಫಾಯ್ಡ್ ಆಗಿ ಮಲಗಿದ. ಹತ್ತಿರದ ಮುನ್ಸಿಪಾಲ್ಟಿ ಆಸ್ಪತ್ರೆಗೆ ಸೇರಿಸಿದೆವು. ಅಪ್ಪ ಅವನು ನಿದ್ದೆ ಹೋದ ಮೇಲೆ ಬಂದು ಕಾಲ ಬಳಿ ನಿಂತು ಪ್ರಾರ್ಥಿಸಿ ಹೋಗುತ್ತಿದ್ದರು. ಎಚ್ಚರವಿದ್ದಾಗ ಬರುತ್ತಿರಲಿಲ್ಲ. ಜ್ವರ ಇಳಿಯುತ್ತದೆ ಎಂದೇ ಎಲ್ಲರೂ ಅಂದುಕೊಂಡಿದ್ದೆವು.

ಒಂದು ಭಾನುವಾರ ಮಧ್ಯಾಹ್ನ ಅಣ್ಣ ಕಣ್ಣುಬಿಟ್ಟು, “ಅಪ್ಪನ್ನ ಕರಕೊಂಡು ಬಾ” ಎಂದ. ಮಧ್ಯಸ್ಥಿಕೆ ಇಲ್ಲ, ಅಪ್ಪಗ ಹೇಳು ಎಂಬುದಿಲ್ಲ. ನೇರವಾಗಿ ಕರೆದಿದ್ದ. ಅಪ್ಪ ಬೊರಿವಲಿಯಲ್ಲಿ ತಾಲೀಮು ನಡೆಸುತ್ತಿದ್ದರು. ಅವ್ವ ನನ್ನನ್ನು ಬಾಗಿಲ ತನಕ ತಳ್ಳಿಕೊಂಡೇ ಬಂದಳು.

“ಇದ್ದವರನ್ನ ಇದ್ಹಾಂಗ ಎಬ್ಬಿಸಿಕೊಂಡ ಬಾ. ಡಾಕ್ಟರ ಮಾರಿ ನನಗ ಛಲೋ ಕಾಣವಲ್ದು.”

ಅವ್ವ ಯಾವಾಗಲೂ ಹೆದರುವವಳು. ನಾನು ಅವಳ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ತಲೆಯಲ್ಲಿದ್ದದ್ದು ಒಂದೇ, ಅಪ್ಪ ಮಗ ಒಂದಾಗುತ್ತಾರೆ. ವಿಕ್ರೋಳಿಯಿಂದ ದಾದರ್, ದಾದರ್‌ನಿಂದ ಬೊರಿವಲಿ, ಉದ್ದಕ್ಕೂ ಕಿಟಕಿಯ ಪಕ್ಕ ಕೂತು ಖುಷಿಯಲ್ಲಿ ಹೋದೆ. ಇವತ್ತಿಗೂ ಆ ಖುಷಿ ನೆನಪಾದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಶಾಲೆಯ ಕೋಣೆಗೆ ಕಾಲಿಟ್ಟಾಗ ಮೂರೂವರೆ. ಪೇಟಿ ಸರಿಯಾಗಿ ನನ್ನ ಹಾಡಿನ ಜಾಗಕ್ಕೇ ಬಂದಿತ್ತು. ಈ ದಿನ ನಾನು ಬರುವುದಿಲ್ಲ ಎಂದುಕೊಂಡಿದ್ದ ಅಪ್ಪನ ಮುಖ ಅರಳಿತು. ಬಾರಿಸುತ್ತಲೇ ಗದ್ದ ಎತ್ತಿ, ಹಾಡು ಎಂದು ಸನ್ನೆ ಮಾಡಿದರು.

ನಾನು ಹೇಳಬಹುದಿತ್ತು. ಒಂದೇ ಮಾತು. ಆದರೆ ಹುಟ್ಟಿದಾಗಿನಿಂದ ಕಲಿತ ನೇಮ, ಮಂಗಳದವರೆಗೆ ಬೇರೆ ಮಾತಿಲ್ಲ. ಅಷ್ಟೇ ಎಂದರೆ ಸುಳ್ಳಾದೀತು. ಮಂಗಳ ಆದ ಮೇಲೆ, ಎಲ್ಲರೂ ಎದ್ದು ನಿಂತಿರುವಾಗ ಆ ಸುದ್ದಿ ಹೇಳಿದರೆ ಎಷ್ಟು ಚೆಂದ ಎಂದು ನನಗೆ ಆಸೆಯಾಯಿತು. ನಾನೂ ಅವರ ಮಗಳೇ ತಾನೇ, ನಾಟಕ ನನ್ನ ರಕ್ತದಲ್ಲೂ ಇತ್ತು.

ಹಾಡಿದೆ. ಅಷ್ಟು ಚೆನ್ನಾಗಿ ಹಿಂದೆಂದೂ ಹಾಡಿರಲಿಲ್ಲ. “ಇನ್ನೊಮ್ಮೆ” ಎಂದರು ಅಪ್ಪ. ಹಾಡಿದೆ. ಮೂರನೆಯ ಸಲ ಹಾಡಿದಾಗ ಅಪ್ಪನ ಕಣ್ಣಲ್ಲಿ ನೀರಿತ್ತು. ಯಾಕೆ ತಡ ಮಾಡಿದೆ, ಯಾಕೆ ತಡ ಮಾಡಿದೆ ಎಂದು ಅವರ ಮುಖಕ್ಕೆ ಹಾಡುತ್ತ, ಅವರನ್ನು ಅಲ್ಲಿಯೇ ಕೂರಿಸಿಕೊಂಡಿದ್ದೆ. ಮಿಕ್ಕ ಹಾಡುಗಳಾಗಿ ಮಂಗಳ ಮುಗಿಯುವಾಗ ಐದು ಹೊಡೆದಿತ್ತು.

ಟೇಲರ್ ಚಾಚಾ ತಬಲಾಕ್ಕೆ ಬಟ್ಟೆ ಮುಚ್ಚುತ್ತ ಕೇಳಿದರು: “ಬೇಟಿ, ಭಾಯಿಕಿ ತಬಿಯತ್ ಹೆಂಗೈತ್ರಿ?”

“ಅಪ್ಪಾ, ಅಣ್ಣ ನಿಮ್ಮನ್ನ ಕರದಾನ” ಎಂದೆ. ನಗುತ್ತಲೇ ಹೇಳಿದೆ.

ಅಪ್ಪ ನಗಲಿಲ್ಲ. “ಯಾವಾಗ?”

“ಮಧ್ಯಾಹ್ನ.”

ಅವರು ನನ್ನನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಪೇಟಿಯನ್ನು ತೆರೆದಂತೆಯೇ ಬಿಟ್ಟು ಸ್ಟೇಷನ್ನಿಗೆ ಓಡಿದರು. ಗಾಡಿಯಲ್ಲಿ ಅವರ ತುಟಿ ಅಲುಗುತ್ತಲೇ ಇತ್ತು. ಪ್ರಾರ್ಥನೆಯೋ, ಮಗನಿಗೆ ಹೇಳಬೇಕಾದ ಮಾತೋ, ನಾನು ಕೇಳಲಿಲ್ಲ.

ನಾವು ಮುಟ್ಟುವಾಗ ಅಣ್ಣನ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಜೀವ ಹೋಗಿ ಮುಕ್ಕಾಲು ಗಂಟೆಯಾಗಿತ್ತು. ಕೊನೆಯವರೆಗೂ ಬಾಗಿಲ ಕಡೆಗೇ ನೋಡುತ್ತಿದ್ದನಂತೆ. ಅವ್ವ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ.

“ಎಷ್ಟೊತ್ತಿಗೆ ಮುಟ್ಟಿದಿ?” ಎಂದು ನನ್ನನ್ನು ಕೇಳಿದಳು.

“ಮೂರೂವರೀಗೆ.”

“ಹೇಳಿದೇನು?”

ಅಪ್ಪ ಮುಂದೆ ಬಂದರು.

“ಹೇಳಿದಳು. ಬಂದ ಕೂಡಲೇ ಹೇಳಿದಳು. ನಾನ ಏಳಲಿಲ್ಲ. ಮಂಗಳ ಆಗಲಿ ಅಂದೆ.”

ಅವ್ವ ನಂಬಿದಳು. ಅಪ್ಪನನ್ನು ಬಲ್ಲ ಯಾರೇ ಆದರೂ ನಂಬುತ್ತಿದ್ದರು. ಆ ಮಧ್ಯಾಹ್ನ ಶಾಲೆಯ ಕೋಣೆಯಲ್ಲಿದ್ದವರಿಗೆ ನಿಜ ಗೊತ್ತಿತ್ತು. ಅವರೂ ಬಾಯಿಬಿಡಲಿಲ್ಲ, ಅಪ್ಪ ಕೇಳಿಕೊಂಡಿರಬೇಕು.

ಆ ನಾಟಕ ಆಗಲಿಲ್ಲ. ಆಮೇಲೆ ಯಾವ ನಾಟಕವೂ ಆಗಲಿಲ್ಲ. ಅಪ್ಪ ಪ್ರಸಂಗ ಮಾಡುತ್ತಿದ್ದರು, ಎರಡೂ ಕೈಯಿಂದ ಮೇಜು ಹಿಡಿದು ನಿಂತು, ಪುಸ್ತಕ ಓದಿದ ಹಾಗೆ. ಹಿರಿಯರಿಗೆ ಸಮಾಧಾನವಾಯಿತು, ಈಗ ನಮ್ಮ ಪಾದ್ರಿಗಳಿಗೆ ಗಾಂಭೀರ್ಯ ಬಂತು ಎಂದರು. ಅವರಿಗೆ ನಾಲ್ಕು ಬಾರಿಸಬೇಕು ಅನ್ನಿಸಿತ್ತು ನನಗೆ. ಮನೆಯಲ್ಲಿ ಅವ್ವ ಅಪ್ಪನೊಡನೆ ಮಾತು ಬಿಟ್ಟಳು. ಊಟದ ತಾಟು ತಂದು ಮುಂದಿಟ್ಟು ಗೋಡೆಯ ಕಡೆ ತಿರುಗುವಳು. ಒಂದಲ್ಲ, ಎಂಟು ವರ್ಷ.

ನಡುವೆ ಒಂದು ಸಲ ನನ್ನಿಂದ ತಡೆಯಲಾಗಲಿಲ್ಲ. ವಿಕ್ರೋಳಿ ಸ್ಟೇಷನ್ನಿನಿಂದ ಮನೆಗೆ ನಡೆಯುವಾಗ, “ಇವತ್ತ ಅವ್ವಗ ಎಲ್ಲಾ ಹೇಳಿಬಿಡ್ತೀನಿ” ಎಂದೆ. ಅಪ್ಪ ನಿಂತುಬಿಟ್ಟರು. ಸಂಜೆಯ ಪಾಳಿ ಬಿಟ್ಟ ಜನ ನಮ್ಮನ್ನು ಸವರಿಕೊಂಡು ಹೋಗುತ್ತಿದ್ದರು.

“ಬ್ಯಾಡವ್ವಾ. ಅಕಿಗೆ ಮಗ ಹೋದ. ಮಗಳಾದ್ರೂ ಉಳೀಲಿ.”

ಅಪ್ಪ ತೀರಿಕೊಂಡದ್ದು ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ. ಖೋಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ, ದಹಿಸರ್‌ನಿಂದೆಲ್ಲ ಜನ ಬಂದಿದ್ದರು. ಅವ್ವ ಶವದ ಪೆಟ್ಟಿಗೆಯ ಬದಿಗೆ ಕೂತು ಬಂದವರಿಗೆಲ್ಲ ಅದನ್ನೇ ಹೇಳಿದಳು.

“ಮಗಾ ಸಾಯೂ ಹೊತ್ತಿಗೆ ಕರದ್ರೂ ಎದ್ದು ಬರಲಿಲ್ಲ ನೋಡ್ರಿ ಇವರು. ಈಕಿ ಹೋಗಿ ಹೇಳಿದ್ರೂ ಏಳಲಿಲ್ಲ. ಹೌದಲ್ಲೇನವ್ವಾ?”

ಬಾಗಿಲ ಬಳಿ ನಿಂತಿದ್ದ ಟೇಲರ್ ಚಾಚಾ ನನ್ನನ್ನು ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.